ನಿನ್ನ ಗಾಡಿಯ ಎಡ ಮುಂದಿನ ಟೈರು

ಪುಟ್ಟಿ,

ಭಾನುವಾರ ಊಟ ಮಾಡಿ ನೀನು ಮಲಗಿದ್ದಾಗ ಗಾಡಿಯ ಮುಂದಿನ ಟೈರು ಬಿಚ್ಚಿ ಸ್ಟೆಪ್ನಿ ಹಾಕಿದ್ದು ನಾನೇ. ಹೊರಡುವ ಗಡಿಬಿಡಿಯಲ್ಲಿ ಹೇಳೋಕೆ ಆಗಲಿಲ್ಲ. ಹಾಸನ ಮುಟ್ಟಿದ ಮೇಲೆ ಫೋನ್ ಮಾಡಿ, ಮಾವ ನನ್ನ ಗಾಡಿಗೆ ಏನು ಮಾಡಿದ್ರಿ ಅಂತ ಕೇಳಿದೆಯಲ್ಲ, ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂತ ಹೇಳಿ ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನೀನು ಕಾಫಿ ಕಣದಲ್ಲಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಹಾಗೇ ನಿಲ್ಲಿಸಿ ಇಳಿದಿದ್ದೆ. ನೇರ ನಿಂತಿದ್ದರೆ ನನಗೂ ಕಾಣುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗೇ ಇದೆ, ಗೆರೆ ಎಲ್ಲ ಇದೆ. ಒಳಗಿನ ಅಂಚು ಮಾತ್ರ ಬೋಳು. ಎರಡು ಬೆರಳಗಲ ರಬ್ಬರೇ ಇಲ್ಲ, ಒಂದು ಕಡೆ ತಂತಿ ಹೊರಗೆ ಬಂದಿತ್ತು, ಸವರಿದ ಕೂಡಲೇ ಹೆಬ್ಬೆರಳಿಗೆ ಚುಚ್ಚಿತು. ಈ ಟೈರಿನಲ್ಲಿ ನೀನು ಆ ಮಳೆಯಲ್ಲಿ ಬೇಲೂರು ದಾಟಿ, ಚಿಕ್ಕಮಗಳೂರು ದಾಟಿ ಆಲ್ದೂರಿನ ತನಕ ಬಂದಿದ್ದೀಯ. ಎಬ್ಬಿಸಿ ಬೈಯೋಣ ಅನ್ನಿಸಿತು. ಆಮೇಲೆ, ನಾನೂ ಒಂದು ಕಾಲಕ್ಕೆ ಹೀಗೇ ಇದ್ದೆನಲ್ಲ ಅಂತ ಸುಮ್ಮನಾದೆ.

ಈಗ ನೀನು ಏನು ಮಾಡ್ತೀಯ ಅಂತ ನನಗೆ ಗೊತ್ತು. ಎರಡು ಹೊಸ ಟೈರು ಹಾಕಿಸಿ, ಅಲ್ಲೇ ಅಲೈನ್ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡುವ ಕೆಲಸ, ಮಾಡಿಸಿ, ಮುಗೀತು ಅಂತ ಬರ್ತೀಯ. ಬೇಡ. ಅಲೈನ್ಮೆಂಟ್ ಕೊನೆಗೆ ಮಾಡಿಸುವ ಕೆಲಸ.

ನನ್ನ ಹಳೇ ಗಾಡಿಗೆ ಒಂದೇ ವರ್ಷದಲ್ಲಿ ಮೂರು ಸಲ ಮಾಡಿಸಿದ್ದೆ, ಮೂರೂ ಸಲ ಒಂದೇ ಅಂಗಡಿಯಲ್ಲಿ. ಪ್ರತಿ ಸಲ ಕಂಪ್ಯೂಟರಿನಲ್ಲಿ ಎಲ್ಲ ಹಸಿರು. ವಾರ ಕಳೆಯುವಷ್ಟರಲ್ಲಿ ಗಾಡಿ ಮತ್ತೆ ಎಡಕ್ಕೆ ಎಳೆಯುತ್ತಿತ್ತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬ ಕಂಪ್ಯೂಟರ್ ಕಡೆ ತಿರುಗಿಯೂ ನೋಡದೆ ಜ್ಯಾಕ್ ಹಾಕಿ, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ. ಲಟಕ್ ಅಂತು. ಅದು ಬಾಲ್ ಜಾಯಿಂಟ್, ಚಕ್ರವನ್ನು ಹಿಡಿದಿರುವ ಗುಂಡು ಕೀಲು. ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟು ಅಲ್ಲಾಡಿಸಿದ, ಸದ್ದಿಲ್ಲ, ಅಂದರೆ ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್ ಸರಿ ಇದೆ. ಆಮೇಲೆ ಕಬ್ಬಿಣದ ರಾಡು ತಗೊಂಡು ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು, ಮೀಟಿದ. ಅದು ಗಾಡಿಗೆ ಸೇರುವ ಕಡೆ ಇರುವ ಬುಷ್ಷಿನ ರಬ್ಬರ್ ಸೀಳಿ ಬಾಯಿ ಬಿಟ್ಟಿತ್ತು. "ನಿಂತಾಗ ಒಂದು ಅಳತೆ, ಓಡುವಾಗ ಇನ್ನೊಂದು ಅಳತೆ. ಅಲೈನ್ಮೆಂಟ್ ಎಲ್ಲಿ ನಿಲ್ಲುತ್ತೆ ಸಾರ್?" ಅಂದ. ಬುಷ್ಷು, ಬಾಲ್ ಜಾಯಿಂಟ್ ಬದಲಾಯಿಸಿ ನಾಲ್ಕನೇ ಸಲ ಮಾಡಿಸಿದ ಮೇಲೆ ಆ ಗಾಡಿ ಮಾರುವ ತನಕ ಟೈರು ತಿನ್ನಲಿಲ್ಲ.

ನಿನ್ನ ಆಲ್ಟೋ ಭಾವನ ಕಾಲದ್ದು. ಎಷ್ಟು ಗುಂಡಿ ಹಾರಿದೆಯೋ, ಎಷ್ಟು ತೋಟದ ರಸ್ತೆ ತುಳಿದಿದೆಯೋ. ಆ ಬುಷ್ಷುಗಳನ್ನು ಒಮ್ಮೆಯಾದರೂ ಬದಲಾಯಿಸಿದ್ದು ನನಗೆ ನೆನಪಿಲ್ಲ.

ಟೈರು ಎಲ್ಲಿ ಸವೆದಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆಯಾ ನೋಡಿಸಬೇಕು. ಒಂದೇ ಅಂಚು ತಿಂದಿದ್ದರೆ ಟೋ ಅಥವಾ ಕ್ಯಾಂಬರ್. ಟೋ ಅಂದರೆ ಎರಡು ಚಕ್ರ ಮುಂದಕ್ಕೆ ಒಂದೇ ಕಡೆ ನೋಡ್ತಿವೆಯಾ ಅನ್ನೋದು. ಪಾದ ಹೊರಕ್ಕೆ ಹಾಕಿ ನಡೆಯುವವರ ಹಾಗೆ ಚಕ್ರ ಹೊರಕ್ಕೆ ತಿರುಗಿದ್ದರೆ ಟೈರು ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜಿಕೊಂಡು ಹೋಗುತ್ತೆ, ಒಳ ಅಂಚು ಹೋಗುತ್ತೆ. ಒಳಕ್ಕೆ ತಿರುಗಿದ್ದರೆ ಹೊರ ಅಂಚು. ಕೆಲವೇ ಮಿಲಿಮೀಟರ್ ವ್ಯತ್ಯಾಸ ಸಾಕು. ಅಂಗೈ ಇಟ್ಟು ಟೈರಿನ ಅಡ್ಡಕ್ಕೆ ಸವರಿ ನೋಡು, ಒಂದು ಕಡೆ ಹೋಗುವಾಗ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕಿದರೆ ಅದು ಟೋ. ನಿನ್ನದರಲ್ಲಿ ಹಾಗೇ ಸಿಕ್ಕಿತು. ಕ್ಯಾಂಬರ್ ಅಂದರೆ ಚಕ್ರ ಬೇಲಿ ಗೂಟದ ಹಾಗೆ ವಾಲಿರೋದು. ಇಂಥ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಟೋ ಒಂದನ್ನೇ ತಿರುಗಿಸಿ ಸರಿ ಮಾಡೋಕೆ ಬರೋದು. ಕ್ಯಾಂಬರ್ ತಪ್ಪಿದೆ ಅಂದರೆ ಏನೋ ಬಗ್ಗಿದೆ ಇಲ್ಲ ಸವೆದಿದೆ, ಅದನ್ನು ಹುಡುಕಲೇಬೇಕು.

ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿಸು. ಟೈರಿನ ಪಕ್ಕದಲ್ಲಿ ಬರೆದಿರುವ ದೊಡ್ಡ ನಂಬರ್ ಹಾಕಿಸಬೇಡ, ಅದು ಆ ಟೈರು ತಡೆಯುವ ಗರಿಷ್ಠ. ಗಾಡಿಯ ಪುಸ್ತಕದಲ್ಲಿರುವ ಲೆಕ್ಕವೇ ಲೆಕ್ಕ.

ಅಲೈನ್ಮೆಂಟಿಗೆ ಹೋಗುವ ದಿನ ಡಿಕ್ಕಿಯಲ್ಲಿರುವ ತೆಂಗಿನಕಾಯಿ ಚೀಲ ಇಳಿಸಿ ಹೋಗು, ಅಕ್ಕ ಕಳಿಸಿದ್ದು ಇನ್ನೂ ಅಲ್ಲೇ ಇದೆ ಅಂತ ನನಗೆ ಗೊತ್ತು. ಮಾಡುವ ಮುಂಚಿನದು, ಮಾಡಿದ ನಂತರದ್ದು, ಎರಡೂ ಅಳತೆಯ ಚೀಟಿ ಕೇಳು. ಚಕ್ರದ ತೂಕ ಸುತ್ತಲೂ ಸಮ ಮಾಡುವ ಬ್ಯಾಲೆನ್ಸಿಂಗ್ ಬೇರೆ ಕೆಲಸ, ಸ್ಪೀಡಿನಲ್ಲಿ ಸ್ಟೇರಿಂಗ್ ನಡುಗಿದರೆ ಅದು. ಹೊಸ ಟೈರು ಹಾಕಿಸಿದಾಗ ಹೇಗೂ ಮಾಡ್ತಾರೆ. ಆಮೇಲೆ ಬೈಪಾಸಿನಲ್ಲಿ ನೇರ ರಸ್ತೆ ನೋಡಿ ಓಡಿಸು. ಒಂದು ಚೂರು ಎಡಕ್ಕೆ ಹೋದರೆ ಗಾಬರಿ ಬೇಡ, ಮಳೆನೀರು ಹರಿಯಲಿ ಅಂತ ನಮ್ಮ ರಸ್ತೆ ಎಡಕ್ಕೆ ಇಳಿಜಾರಾಗೇ ಇರುತ್ತೆ. ಸ್ಟೇರಿಂಗ್ ಸೊಟ್ಟ ಇಟ್ಟರೆ ಮಾತ್ರ ಗಾಡಿ ನೇರ ಹೋಗುತ್ತೆ ಅಂತಾದರೆ ಅಲ್ಲೇ ವಾಪಸ್ ತಿರುಗಿಸು, ಸಂಕೋಚ ಬೇಡ.

ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದವನ್ನು ಮುಂದಕ್ಕೆ ತರಿಸು. ಅಂಗಡಿಯವರು ಮುಂದಕ್ಕೆ ಹಾಕೋಣ ಅನ್ನಬಹುದು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತೆ, ಸ್ಟೇರಿಂಗ್ ಕೈಯಲ್ಲಿದ್ದೂ ಏನೂ ಮಾಡೋಕಾಗಲ್ಲ. ಆಗಸ್ಟಿನ ಮಳೆಯಲ್ಲಿ ಗೆಳತಿಯರ ಜೊತೆ ಚಾರ್ಮಾಡಿ ಘಾಟಿ ಇಳಿಯುವ ಪ್ಲಾನ್ ಇದೆಯಂತೆ, ಅಕ್ಕ ಹೇಳಿದಳು.

ಆ ಸ್ಟೆಪ್ನಿಯನ್ನೂ ನಂಬಬೇಡ. ಅದರ ಮೇಲೆ 1117 ಅಂತಿದೆ, ಅಂದರೆ 2017ರ 11ನೇ ವಾರ ಮಾಡಿದ್ದು. ಗೆರೆ ಹೊಸದರ ಹಾಗಿದ್ದರೂ ರಬ್ಬರಿನಲ್ಲಿ ಬಿರುಕು ಕಾಣ್ತಿದೆ. ಮೆಕ್ಯಾನಿಕ್ ಹತ್ತಿರ ಹೋಗೋಕೆ ಮಾತ್ರ ಅದು. ಈ ವಾರವೇ ಹೋಗು.

ಬಿಚ್ಚಿದ ಟೈರು ನಿನ್ನ ಡಿಕ್ಕಿಯಲ್ಲೇ ಇದೆ, ತೆಂಗಿನಕಾಯಿ ಚೀಲದ ಕೆಳಗೆ. ಯಾವುದು ಯಾವ ಕಡೆಯದು ಅಂತ ಗೊಂದಲ ಆಗಬಾರದು ಅಂತ ಚಾಕ್‌ಪೀಸಿನಲ್ಲಿ "ಎಡ ಮುಂದೆ" ಅಂತ ಬರೆದಿದ್ದೇನೆ. ಮೆಕ್ಯಾನಿಕ್ಕಿಗೆ ಮೊದಲು ಅದನ್ನು ತೋರಿಸು. ತಂತಿ ಕಂಡಿತ್ತು ಅಂತ ಅಕ್ಕನಿಗೆ ಮಾತ್ರ ಹೇಳಬೇಡ.

ನಿನ್ನ ಮಾವ