ತಾತನ ಷೆವರ್ಲೆ ಮತ್ತು ನಿನ್ನ ಅನುಮಾನ

ಮಗಾ,

ನಿನ್ನ ಕಾಗದದಲ್ಲಿ ಮಿಕ್ಕಿದ್ದೆಲ್ಲ ಓದಿ ಖುಷಿಯಾಯಿತು, ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. ಇಂಜಿನ್ ಮೇಲಿನ ನಂಬರ್ ಆರ್‌ಸಿಗೆ ಹೊಂದುತ್ತಿಲ್ಲ ಅಂತ 'ತಾತ ಕದ್ದ ಇಂಜಿನ್ ಕೂರಿಸಿದ್ದರಾ ದೊಡ್ಡಪ್ಪ?' ಅಂತ ಕೇಳಿದ್ದೀಯ. ಕಾರು ಮನೆಗೆ ಬಂದ ಕಥೆ ನಿನಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಆದರೆ ಕದ್ದದ್ದು ಅಂತ ಹೇಗೆ ಬರೆದೆಯೋ!

ನೀನು ಆರ್‌ಸಿ ಪುಸ್ತಕದ ಜೊತೆ ಹೋಲಿಸಿದ್ದು ಬ್ಲಾಕ್ ಮೇಲೆ, ಅಂದರೆ ಇಂಜಿನ್ನಿನ ಎರಕದ ಮುಖ್ಯ ಒಡಲ ಮೇಲೆ, ಉಬ್ಬಿಕೊಂಡಿರುವ ಅಂಕಿಯನ್ನ, ಅಲ್ವಾ? ಅದು ಎರಕದ ನಂಬರ್. ಆರ್‌ಸಿಗೆ ಅದು ಹೊಂದುವುದೇ ಇಲ್ಲ. ಎರಕಕ್ಕೆ ಮರಳಿನ ಅಚ್ಚು ತೆಗೆಯುವ ಮಾದರಿ ತುಂಡಿನಲ್ಲೇ (ಪ್ಯಾಟರ್ನ್) ಅದು ಇರುತ್ತದೆ, ಹಾಗಾಗಿ ಆ ಮಾದರಿಯ ಸಾವಿರಾರು ಬ್ಲಾಕ್‌ಗಳ ಮೇಲೂ ಅದೇ ಅಂಕಿ. ಇಂಜಿನ್ ನಂಬರ್ ಬೇರೆ. ಅದನ್ನು ಪಂಚ್ ಹೊಡೆದು ಒಳಕ್ಕೆ ಇಳಿಸಿರುತ್ತಾರೆ. ಇಂಜಿನ್ನಿನ ಬಲಗಡೆ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹಿಂದೆ, ನಯ ಮಾಡಿದ ಚಿಕ್ಕ ಜಾಗ ಇದೆ, ಗ್ರೀಸಿನಲ್ಲಿ ಮುಚ್ಚಿಹೋಗಿರುತ್ತದೆ, ಅಲ್ಲಿ ನೋಡು.

ಗುಜರಿಯವರ ಗುರುತು ಅಂತ ಹೆದರಿದೆಯಲ್ಲ, 'ಎಲ್ 15 2', ಅದು ಎರಕ ಹೊಯ್ದ ತಾರೀಖು ಕಣೋ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಕೊನೆಯ 2 ಇಸವಿಯ ಕೊನೆಯ ಅಂಕಿ. 1952ರ ಡಿಸೆಂಬರ್ 15 ಆದರೆ 1953ರ ನಮ್ಮ ಕಾರಿಗೆ ಸರಿಯಾಗಿ ಕೂರುತ್ತದೆ. ಆಗ ಬಿಡಿಭಾಗಗಳು ಹಡಗಿನಲ್ಲಿ ಬಂದು ಮುಂಬೈನಲ್ಲಿ ಜೋಡಣೆ ಆಗುತ್ತಿದ್ದವು, ಬ್ಲಾಕ್ ಕಾರಿಗಿಂತ ಕೆಲವು ತಿಂಗಳು ಹಳೆಯದಿದ್ದರೆ ಆಶ್ಚರ್ಯ ಇಲ್ಲ. ಆದರೆ 1962 ಕೂಡ ಆಗಬಹುದು, ಆ ವಂಶದ ಇಂಜಿನ್ ಅಲ್ಲಿಯವರೆಗೂ ಬರುತ್ತಿತ್ತು. ಯಾವುದು ಅಂತ ತೀರ್ಮಾನ ಮಾಡುವುದಕ್ಕೇ ಉಬ್ಬಿದ ನಂಬರ್ ಬೇಕು. ಹಳೇ ಪಾರ್ಟ್ಸ್ ಪುಸ್ತಕದಲ್ಲಿ ಅದು ಯಾವ ವರ್ಷದ್ದು ಅಂತ ಸಿಗುತ್ತದೆ.

1962ರದ್ದೇ ಅಂತಿಟ್ಟುಕೋ. ಆಗಲೂ ಕಳ್ಳತನ ಹೇಗಾಗುತ್ತದೆ? ಹೊರದೇಶದ ಸಾಮಾನು ಸಿಗದ ಕಾಲ, ಸಿಕ್ಕಿದ ಇಂಜಿನ್ ಕೂರಿಸಿ ಓಡಿಸುತ್ತಿದ್ದರು. ಅಪ್ಪ, ಅಂದರೆ ನಿನ್ನ ತಾತ, ಸಂಜೆ ಹೊತ್ತು ಕಾರಿನ ಕೆಳಗೆ ಮಲಗಿ ಟಾರ್ಚ್ ಹಿಡಿಯೋ ಅಂತ ಕೂಗುತ್ತಿದ್ದರು, ನಾನು ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಅಲ್ಲಿ ಕಬ್ಬು ಅರೆಯುವ ರೋಲರ್‌ಗಳ ಮೇಲಿನ ಎರಕದ ಗುರುತೆಲ್ಲ ಓದಲು ಕಲಿತೆ, ಮನೆಯ ಕಾರಿನದ್ದು ಮಾತ್ರ ಒಂದು ದಿನವೂ ಬಗ್ಗಿ ನೋಡಲಿಲ್ಲ. ನೋಡಿದ್ದರೆ ನಿನಗೆ ಈಗಲೇ ಉತ್ತರ ಕೊಡುತ್ತಿದ್ದೆ. ಈಗ ಕೇಳೋಣ ಅಂದರೆ ಅವರಿಲ್ಲ.

ನಿನ್ನ ಅವಸರ ಅರ್ಥವಾಗುತ್ತದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನಂಬರ್ ಕೊಡುವ 2021ರ ನಿಯಮದಲ್ಲಿ ಇಂಜಿನ್, ಚಾಸಿ (ಗಾಡಿಯ ಅಡಿಯ ಚೌಕಟ್ಟು) ಮೂಲರೂಪದಲ್ಲೇ ಇರಬೇಕು ಅಂತಿದೆ. ಇಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಹಿಂದಿನ ಪುಟ ತಿರುಗಿಸಿ ನೋಡಿದೆಯಾ? ಚಾಸಿ ನಂಬರ್ ಹೊಂದುತ್ತದೆ ಅಂತ ನೀನೇ ಬರೆದಿದ್ದೀಯಲ್ಲ, ಕದ್ದದ್ದು ಅನ್ನುವುದಕ್ಕೆ ಮೊದಲು ಅದನ್ನಾದರೂ ನೆನೆಸಿಕೊಳ್ಳಬಾರದಿತ್ತಾ?

ನಾನು ಮೆಕ್ಯಾನಿಕ್ ಅಲ್ಲ, ತೋಚಿದ್ದು ಹೇಳುತ್ತೇನೆ. ಸೀಮೆಎಣ್ಣೆ ಹಾಕಿ ಹಿತ್ತಾಳೆ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜು. ಸೀಮೆಸುಣ್ಣ ಸವರಿ, ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡ, ಪಂಚ್ ನಂಬರ್ ಒಮ್ಮೆ ಅಳಿಸಿದರೆ ಯಾರೋ ತಿದ್ದಿದ್ದಾರೆ ಅಂತಲೇ ಅನ್ನುತ್ತಾರೆ.

ಫೋಟೋ ಮೊದಲು ನನಗೆ ಕಳಿಸು. ನಿಮ್ಮಪ್ಪನಿಗೆ ಆ 'ಕದ್ದ' ಮಾತು ಹೇಳಬೇಡ, ನೊಂದುಕೊಳ್ಳುತ್ತಾನೆ.

ಇಂತಿ ನಿನ್ನ
ದೊಡ್ಡಪ್ಪ, ಮಂಡ್ಯ