ಈ ವಾರ ಕೇಳಬೇಕಾದ ಆಲ್ಬಂ: ಜೋನಿ ಮಿಚೆಲ್, ‘ಕೋರ್ಟ್ ಅಂಡ್ ಸ್ಪಾರ್ಕ್’ (1974)

ಎಲ್ಲರಿಗೂ ನಮಸ್ಕಾರ. ಈ ಸಲ ಕೆನಡಾದ ಗಾಯಕಿ, ಹಾಡುಗಳನ್ನು ತಾವೇ ಬರೆಯುವ ಜೋನಿ ಮಿಚೆಲ್. 11 ಹಾಡು, ಸುಮಾರು 37 ನಿಮಿಷ. ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಆರಂಭ ಬೆರೆಸುವುದು) ಸೊನ್ನೆಗೆ ಇಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಇಡಿ. ಇಲ್ಲದಿದ್ದರೆ 4ನೇ ಹಾಡು 5ಕ್ಕೆ, 10ನೇದು 11ಕ್ಕೆ ಜಾರಿಕೊಳ್ಳುವ ಜಾಗದಲ್ಲೇ ಕತ್ತರಿ ಬೀಳುತ್ತದೆ. ಫೋನಿನ ಸ್ಪೀಕರ್ ಬೇಡ, ಬೇಸ್ ಪೂರ್ತಿ ಮಾಯ, ಹೆಡ್‌ಫೋನ್ ಹಾಕಿಕೊಳ್ಳಿ.

ಅದುವರೆಗೆ ಹೆಚ್ಚಾಗಿ ಗಿಟಾರ್, ಪಿಯಾನೋ ಜೊತೆ ಒಂಟಿಯಾಗಿ ಹಾಡುತ್ತಿದ್ದ ಜೋನಿ ಇಲ್ಲಿ ಸ್ಯಾಕ್ಸೊಫೋನ್ ವಾದಕ ಟಾಮ್ ಸ್ಕಾಟ್‌ರ ಎಲ್.ಎ. ಎಕ್ಸ್‌ಪ್ರೆಸ್ ಜಾಝ್ ತಂಡವನ್ನು ಕರೆತಂದರು. ‘ಹೆಲ್ಪ್ ಮಿ’ಯಲ್ಲಿ ಮೊದಲ ಸಲ ಜಾನ್ ಗೆರಿನ್‌ರ ಡ್ರಮ್ಸ್ ಮಾತ್ರ ಹಿಂಬಾಲಿಸಿ: ಮಾತಿನ ಲಯದಲ್ಲಿ ಓಡುವ ಸಾಲುಗಳನ್ನು ಅವರು ಬಿಗಿಯದೆ ಹಿಡಿದಿದ್ದಾರೆ. ಎರಡನೇ ಸಲ ಸ್ಕಾಟ್‌ರ ಊದುವಾದ್ಯಗಳು. ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಈ ಹಾಡು) ಅಮೆರಿಕದ ಜನಪ್ರಿಯತೆ ಪಟ್ಟಿಯಲ್ಲಿ 7ನೇ ಸ್ಥಾನ, ಆಲ್ಬಂ ಅಲ್ಲಿನ ಆಲ್ಬಂ ಪಟ್ಟಿಯಲ್ಲಿ 2ನೇ ಸ್ಥಾನ ತಲುಪಿತು.

ನಮ್ಮ ಪ್ರಕಾರ ನಿಜವಾದ ಕಸುಬು ಇರುವುದು ‘ಡೌನ್ ಟು ಯೂ’ನಲ್ಲಿ (ವಾದ್ಯ ಸಂಯೋಜನೆಗೆ ಗ್ರ್ಯಾಮಿ ಬಂದದ್ದೂ ಇದಕ್ಕೇ). ನಡುವಿನ ವಾದ್ಯಭಾಗವನ್ನು ಹಾರಿಸಬೇಡಿ.

ಕೊನೆಯ ‘ಟ್ವಿಸ್ಟೆಡ್’ ಜೋನಿಯದಲ್ಲ. ಜಾಝ್ ವಾದಕ ವಾರ್ಡೆಲ್ ಗ್ರೇ ಅವರ ಸ್ಯಾಕ್ಸೊಫೋನ್ ನುಡಿಸಾಣಿಕೆಗೆ ಗಾಯಕಿ ಆ್ಯನಿ ರಾಸ್ ಪದ ಜೋಡಿಸಿದ್ದು. ಅಲ್ಲಿ ತಮಾಷೆಯ ಗಂಡು ದನಿಗಳು ಕೇಳಿದರೆ ಗಾಬರಿಯಾಗಬೇಡಿ, ಅವರು ಹಾಸ್ಯ ಜೋಡಿ ಚೀಚ್ ಮತ್ತು ಚಾಂಗ್.

ಅನಿಸಿಕೆ ಹಾಕುವಾಗ ಹಾಡಿನ ಹೆಸರು, ನಿಮಿಷ-ಸೆಕೆಂಡು ಬರೆಯಿರಿ. ‘ಸೂಪರ್’ ಒಂದೇ ಸಾಲದು.