ಸಿಮ್ಯುಲೇಶನ್‌ನಲ್ಲಿ ಗೇನ್ ಕಮ್ಮಿ ಬರ್ತಿದ್ದರೆ ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಈ ವಾರ ನಾಲ್ಕೈದು ಜನ ಒಂದೇ ಪ್ರಶ್ನೆ ಹಾಕಿದ್ದೀರಿ: ಒಂದೇ ಟ್ರಾನ್ಸಿಸ್ಟರ್‌ನ ಕಾಮನ್-ಎಮಿಟರ್ ಆಂಪ್ಲಿಫೈಯರ್‌ನಲ್ಲಿ ಲೆಕ್ಕದ ಪ್ರಕಾರ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನೋದು) 188, ಸರ್ಕ್ಯೂಟ್ ಸಿಮ್ಯುಲೇಟರ್ ಎಲ್‌ಟಿಸ್ಪೈಸ್‌ನಲ್ಲಿ 5 ಕೂಡ ದಾಟಲ್ಲ.

ಸುಮ್ನೆ ಟ್ರಾನ್ಸಿಸ್ಟರ್ ಬದಲಾಯಿಸಬೇಡಿ. ಮೊದಲು ಡಿಸಿ ಆಪರೇಟಿಂಗ್ ಪಾಯಿಂಟ್, ಅಂದರೆ ಸಿಗ್ನಲ್ ಇಲ್ಲದಾಗಿನ ವೋಲ್ಟೇಜ್, ಕರೆಂಟ್‌ಗಳನ್ನು ನೋಡಿ. ಕಲೆಕ್ಟರ್ ವೋಲ್ಟೇಜ್ ಎಮಿಟರ್‌ಗಿಂತ ಬರೀ 0.2 ವೋಲ್ಟ್ ಮೇಲಿದ್ದರೆ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲಿದೆ, ಅಂದರೆ ಪೂರ್ತಿ ಆನ್ ಆಗಿ ನಿಂತಿದೆ. ಬಯಾಸ್ (ಈ ಡಿಸಿ ಮಟ್ಟವನ್ನು ಹೊಂದಿಸುವ ವ್ಯವಸ್ಥೆ) ಸರಿಮಾಡುವವರೆಗೆ ಗೇನ್ ಬರುವುದಿಲ್ಲ.

ಬಯಾಸ್ ಸರಿ ಇದೆಯಾ? ಹಾಗಾದರೆ ಎಮಿಟರ್ ಬೈಪಾಸ್ ಕೆಪಾಸಿಟರ್, ಅಂದರೆ ಎಮಿಟರ್ ರೆಸಿಸ್ಟರ್‌ಗೆ ಸಮಾನಾಂತರವಾಗಿ ಹಾಕುವ ಕೆಪಾಸಿಟರ್ ನೋಡಿ. ನೀವು ಕಳಿಸಿದ ಫೈಲ್‌ಗಳಲ್ಲಿ ತೊಂದರೆ ಜಾಸ್ತಿ ಇಲ್ಲೇ. ಅದು ಇಲ್ಲದಿದ್ದರೆ ಕಲೆಕ್ಟರ್‌ನ 4.7 ಕಿಲೋಓಮನ್ನು ಎಮಿಟರ್‌ನ 1 ಕಿಲೋಓಮಿನಿಂದ ಭಾಗಿಸಿದಷ್ಟೇ ಗೇನ್, ಅಂದರೆ ಸುಮಾರು 4.7. ಕೆಪಾಸಿಟರ್ ಇದ್ದರೂ ಬೆಲೆ ಚಿಕ್ಕದಿದ್ದರೆ ಸಾಲದು. 1 ಮೈಕ್ರೋಫ್ಯಾರಡ್ ಹಾಕಿದರೆ 1 ಕಿಲೋಹರ್ಟ್ಜ್‌ನಲ್ಲಿ ಆ ಕೆಪಾಸಿಟರ್ ತಾನೇ 159 ಓಮ್‌ನಷ್ಟು ತಡೆಯುತ್ತದೆ. 1 ಮಿಲಿಆಂಪ್‌ನಲ್ಲಿ ಟ್ರಾನ್ಸಿಸ್ಟರ್ ಒಳಗಿನ ಎಮಿಟರ್ ರೆಸಿಸ್ಟೆನ್ಸ್ ಬರೀ 25 ಓಮ್ ಅಲ್ವಾ? 4.7 ಕಿಲೋಓಮನ್ನು ಇದರಿಂದ ಭಾಗಿಸಿಯೇ 188 ಬಂದದ್ದು. ಹಾಗಾಗಿ ಗೇನ್ 29ರ ಹತ್ತಿರ ನಿಲ್ಲುತ್ತದೆ. 100 ಮೈಕ್ರೋಫ್ಯಾರಡ್ ಹಾಕಿ ನೋಡಿ.

ಔಟ್‌ಪುಟ್‌ಗೆ 1 ಕಿಲೋಓಮ್ ಲೋಡ್ ಕಟ್ಟಿದ್ದರೆ ಅದು ಕಲೆಕ್ಟರ್‌ನ 4.7 ಕಿಲೋಓಮ್‌ಗೆ ಸಮಾನಾಂತರವಾಗಿ ಸೇರುತ್ತದೆ, ಹಾಗಾಗಿ 188 ಮರೆತುಬಿಡಿ, 33 ಸಿಕ್ಕರೆ ಸರಿ.

ಇನ್ನೊಂದು ಮಾತು. ಬೆಲೆಗಳನ್ನು ಬರೆಯುವಾಗ ಎಲ್‌ಟಿಸ್ಪೈಸ್‌ಗೆ ಇಂಗ್ಲಿಷ್ ‘ಎಂ’ (M) ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ ಮಿಲಿ ಅಂತಲೇ ಅರ್ಥ. ಮೆಗಾ ಬೇಕಿದ್ದರೆ ‘ಮೆಗ್’ (Meg) ಅಂತ ಬರೆಯಬೇಕು. ಇದರಿಂದ ನನ್ನ ಒಂದು ಇಡೀ ಸಂಜೆ ಹೋಯಿತು, ನಿಮ್ಮದು ಹೋಗಬಾರದು.

ಭಾನುವಾರ ಸರಸ್ವತಿಪುರಂನಲ್ಲಿ ಸೇರುವಾಗ ಲ್ಯಾಪ್‌ಟಾಪ್ ತನ್ನಿ. ಮಂಡ್ಯದಿಂದ ಬರಲಾಗದವರು ಸ್ಕ್ರೀನ್‌ಶಾಟ್ ಬದಲು ಸರ್ಕ್ಯೂಟ್ ಫೈಲನ್ನೇ ಇಲ್ಲಿ ಹಾಕಿ.